ಲಸಿಕೆ ಹಾಕಿಸಿಕೊಂಡವರ ರಕ್ತದಾಗ ಅಡಗಿದ ಕಾಮಣಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಸಂಘದವರು ಮೊದಲು ಕೊಟ್ಟ ವಿಷಯ "ರಕ್ತದಾನ ಶ್ರೇಷ್ಠದಾನ" ಅಂತ ಇತ್ತು. ನಾನು ಬ್ಯಾಡ ಅಂದೆ. ಆ ಮಾತು ನಮ್ಮ ಬ್ಯಾನರ್‌ನಾಗ ಪ್ರತಿ ವರ್ಷ ಇರ್ತದ, ನಾ ಮತ್ತೊಮ್ಮೆ ಹೇಳೋದ್ರಿಂದ ಏನೂ ಆಗೋದಿಲ್ಲ. ಅದರ ಬದಲು ಹೋದ ವರ್ಷದ ಜಯಂತಿ ಶಿಬಿರ ಆದ ಮೇಲೆ ನಮ್ಮ ಮನಿಯಾಗ ಏನಾತು ಅನ್ನೋದನ್ನ ಹೇಳ್ತೀನಿ. ನಿಮ್ಮಲ್ಲಿ ಬಹಳ ಮಂದಿಗೆ ಅರ್ಧ ಗೊತ್ತೈತಿ. ಗೊತ್ತಿರೋ ಅರ್ಧ ತಪ್ಪು ಐತಿ. ಅದಕ್ಕೇ ಇಲ್ಲಿ ನಿಂತೀನಿ. ಇದನ್ನ ಹೇಳಾಕ ನಮ್ಮ ಅಣ್ಣ, ಅವ್ವ, ಅಕ್ಕ ಮೂರೂ ಮಂದಿಯ ಒಪ್ಪಿಗಿ ತಗೊಂಡೀನಿ. ನಾನು ಡಾಕ್ಟರ್ ಅಲ್ಲ, ಬಿ.ಎ. ಓದೋ ಹುಡುಗಿ. ಆದ್ರ ಈ ಒಂದು ವರ್ಷದಾಗ ಡಾಕ್ಟರ್ ಹೇಳಿದ್ದನ್ನ ಬರಕೊಂಡು, ಪುಸ್ತಕ ಹುಡುಕಿ ಓದಿ, ತಿಳಿಯದಿದ್ದದ್ದನ್ನ ಮತ್ತ ಹೋಗಿ ಕೇಳಿ, ಒಂದಿಷ್ಟು ತಿಳಕೊಂಡೀನಿ.

ನಮ್ಮ ಅಣ್ಣ ಗುತ್ತಿಗೆ ಮ್ಯಾಲ ಸಫಾಯಿ ಕೆಲಸ ಮಾಡ್ತಾನ. ಕಸದ ಗಾಡಿಯಾಗ ದವಾಖಾನಿ ಕಸಾನೂ ಬರ್ತದ. ಬರಬಾರದು ಅಂತ ಕಾನೂನು ಐತಿ, ಆದ್ರೂ ಬರ್ತದ. ಸೂಜಿ, ಬ್ಲೇಡು, ಸಲೈನ್ ನಳಿಗಿ. ಎಚ್‌ಐವಿ ಇದ್ದ ಒಬ್ಬ ರೋಗಿಗೆ ಚುಚ್ಚಿದ ಸೂಜಿ ನಮಗ ಚುಚ್ಚಿದ್ರ ಎಚ್‌ಐವಿ ಬರೋ ಸಾಧ್ಯತೆ ಸಾವಿರಕ್ಕ ಮೂರು. ಅದೇ ಹೆಪಟೈಟಿಸ್ ಬಿ ಇದ್ದವರ ಸೂಜಿ ಆದ್ರ, ಲಸಿಕೆ ಆಗದವರಿಗೆ, ಕೆಲವು ಸಲ ನೂರಕ್ಕ ಮೂವತ್ತರ ತನಕ ಹೋಗ್ತದ. ನಾವು ಎಚ್‌ಐವಿಗೆ ಹೆದರ್ತೀವಿ, ಇದರ ಹೆಸರೇ ಕೇಳಿರೋದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಾಗ ಈ ಕಸ ಮುಟ್ಟೋ ಎಲ್ಲರಿಗೂ ದವಾಖಾನಿಯವರು ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಅಂತ ಬರದೈತಿ. ಅಣ್ಣ ದವಾಖಾನಿ ನೌಕರ ಅಲ್ಲ, ಊರ ಕಸದವ. ಹಂಗಾಗಿ ಅವನ ಹೆಸರು ಯಾರ ಪಟ್ಟಿಯಾಗೂ ಇರಲಿಲ್ಲ. ಕಡೀಗೆ ಒಂದು ಶಿಬಿರದಾಗ ಮೂರು ಡೋಸ್ ಹಾಕಿಸಿಕೊಂಡ. ಮೊದಲನೇದು, ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಕಾರ್ಡು ಮನಿಯಾಗ ಟ್ರಂಕಿನಾಗ ಇಟ್ಟಾನ. "ಇನ್ನ ನನಗ ಕಾಮಣಿ ಬರೂದಿಲ್ಲ" ಅಂತ ಎಲ್ಲರ ಮುಂದ ಹೇಳ್ತಿದ್ದ.

ಹೋದ ಏಪ್ರಿಲ್ 14ಕ್ಕ ನಮ್ಮ ಶಿಬಿರದಾಗ ರಕ್ತ ಕೊಟ್ಟ. ಅವನಿಗೆ ಅದು ಮೂರನೇ ಸಲ. ಮೊದಲಿನ ಎರಡೂ ಸಲ ಬ್ಯಾರೆ ರಕ್ತಪೇಢಿಯವರು ಬಂದಿದ್ರು, ಏನೂ ಹೇಳಿರಲಿಲ್ಲ. ಈ ಸಲ ಬಂದವರು ಬ್ಯಾರೆಯವರು. ಹತ್ತು ದಿನ ಆದ ಮ್ಯಾಲ ಫೋನ್ ಬಂತು. ಅಣ್ಣನ ಫೋನಿಗೆ ಅಲ್ಲ, ಸಂಘದ ಒಬ್ಬ ಹುಡುಗನ ಫೋನಿಗೆ. ಯಾಕಂದ್ರ ಆವತ್ತು ಗದ್ದಲದಾಗ ಐದಾರು ಫಾರಂ ಮ್ಯಾಲ ನಾವೇ ಅವನ ನಂಬರ್ ಬರದಿದ್ವಿ. ಇದು ರಕ್ತಪೇಢಿಯವರ ತಪ್ಪಲ್ಲ, ನಮ್ಮದು. ಆ ಫಾರಂ ತುಂಬಿದವರಾಗ ನಾನೂ ಒಬ್ಬಾಕಿ. "ಇಂಥವರನ್ನ ಕೌನ್ಸೆಲಿಂಗಿಗೆ ಕಳಸ್ರಿ" ಅಂತ ಅಷ್ಟೇ ಅಂದ್ರಂತ. ಏನು ಅಂತ ಅವರು ಹೇಳಿಲ್ಲ, ಹೇಳಾಕೂ ಬರೂದಿಲ್ಲ. ಆದ್ರ ಕೌನ್ಸೆಲಿಂಗ್ ಅನ್ನೋ ಒಂದು ಶಬ್ದ ಸಾಕಾತು. ಸಂಜಿ ಆಗೋದ್ರಾಗ ವಸ್ತಿ ತುಂಬ ಸುದ್ದಿ: ಅವನಿಗೆ ಎಚ್‌ಐವಿ ಐತಿ.

ಮುಂದಿನ ಮೂರು ವಾರ ನಾ ವಿವರಿಸಿ ಹೇಳಲ್ಲ. ಒಂದೇ ಮಾತು ಹೇಳ್ತೀನಿ. ಚಹಾದ ಅಂಗಡಿಯಾಗ ಅವನಿಗೆ ಕಾಗದದ ಕಪ್ಪಿನಾಗ ಚಹಾ ಕೊಟ್ರು, ಉಳಿದವರಿಗೆ ಗಾಜಿನ ಲೋಟ. ಆ ಅಂಗಡಿ ಮೇಲ್ಜಾತಿಯವರದಲ್ಲ. ನಮ್ಮದೇ ಓಣಿಯ ಅಂಗಡಿ. ನಮ್ಮ ಅಜ್ಜ ಹೇಳ್ತಿದ್ದ, ಅವರ ಕಾಲಕ್ಕ ಹೋಟೆಲಿನ ಹೊರಗ ಗೂಟಕ್ಕ ಬ್ಯಾರೆ ಬಟ್ಟಲಾ ಸಿಗಸಿರ್ತಿದ್ರು, ಕುಡದು ತಾವೇ ತೊಳದು ಮತ್ತ ಅಲ್ಲೇ ಸಿಗಸಬೇಕು. 1927ರ ಮಾರ್ಚ್ 20ಕ್ಕ ಬಾಬಾಸಾಹೇಬರು ಮಹಾಡದ ಕೆರಿ ನೀರು ಕುಡದ ದಿನ ನಾವು ಪ್ರತಿ ವರ್ಷ ಭಾಷಣ ಮಾಡ್ತೀವಿ. ಆ ಭಾಷಣ ಮಾಡೋ ಹುಡುಗರೇ ಅಣ್ಣನ ಪಕ್ಕ ಕೂಡೋದು ಬಿಟ್ರು. ಬ್ಯಾಸರ ಮಾಡ್ಕೋಬ್ಯಾಡ್ರಿ, ಇದನ್ನ ಹೇಳದೆ ಮುಂದಿನದು ಹೇಳಾಕ ನನಗ ಬರೂದಿಲ್ಲ.

ನಾನು ಅಣ್ಣನ ಜೋಡಿ ಸೊಲ್ಲಾಪುರಕ್ಕ ಹೋದೆ. ಅಲ್ಲಿಯ ಕೌನ್ಸೆಲರ್ ಬಾಗಲಾ ಹಾಕಿ, ಕೂಡಿಸಿ, ಮರಾಠಿಯಾಗ ಸಮಾಧಾನಲೆ ಹೇಳಿದ್ರು. ಎಚ್‌ಐವಿ ಇಲ್ಲ. ಹೆಪಟೈಟಿಸ್ ಸಿ ಇಲ್ಲ. ಸಿಫಿಲಿಸ್ ಇಲ್ಲ, ಮಲೇರಿಯಾ ಇಲ್ಲ. ಹೆಪಟೈಟಿಸ್ ಬಿ ಮಾಮೂಲಿ ತಪಾಸಣೆಯಾಗೂ ಇಲ್ಲ. ಆದ್ರ ನ್ಯಾಟ್ ಅನ್ನೋ ಇನ್ನೊಂದು ತಪಾಸಣೆಯಾಗ ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್ಎ ಸಿಕ್ಕೈತಿ, ಬಹಳ ಕಡಿಮಿ ಪ್ರಮಾಣದಾಗ. ಅಣ್ಣ ಕಿಸೆದಾಗಿಂದ ಲಸಿಕೆ ಕಾರ್ಡು ತಗದು ಮೇಜಿನ ಮ್ಯಾಲ ಇಟ್ಟ. "ನನಗ ಮೂರೂ ಆಗ್ಯಾವರಿ" ಅಂದ. ಆಗ ಅವರು ಹೇಳಿದ ಮಾತು: "ಲಸಿಕೆ ಆದವರಲ್ಲೂ ಹಿಂಗ ಅಡಗಿ ಇರಬಹುದು."

ಅದು ಹೆಂಗ ಅಂತ ತಿಳಕೊಳ್ಳಾಕ ನನಗ ಬಹಳ ದಿನ ಹಿಡೀತು. ಈಗ ನಮ್ಮ ಭಾಷೆಯಾಗ ಹೇಳಾಕ ನೋಡ್ತೀನಿ.

ಈ ವೈರಸ್ಸಿಗೆ ಮ್ಯಾಲೊಂದು ಅಂಗಿ ಐತಿ ಅಂತ ತಿಳೀರಿ. ಒಳಗ ಮೈ ಐತಿ. ಮೈಯೊಳಗ ಅದರ ಡಿಎನ್ಎ. ಮ್ಯಾಲಿನ ಅಂಗಿಗೆ ಎಚ್‌ಬಿಎಸ್ಎಜಿ ಅಂತ ಹೆಸರು. ಅದನ್ನ ಕಂಡು ಹಿಡದವರು ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್. ಅವರು ಕಾಮಣಿ ಹುಡುಕಾಕ ಹೋದವರೇ ಅಲ್ಲ. ಬ್ಯಾರೆ ಬ್ಯಾರೆ ದೇಶದ ಮಂದಿಯ ರಕ್ತದಾಗ ಏನು ಫರಕು ಐತಿ ಅಂತ ನೋಡ್ತಿದ್ರು. ಬಹಳ ಸಲ ರಕ್ತ ತಗೊಂಡಿದ್ದ ಒಬ್ಬ ಹಿಮೋಫೀಲಿಯಾ ರೋಗಿಯ ರಕ್ತದ ಜೋಡಿ ಆಸ್ಟ್ರೇಲಿಯಾದ ಒಬ್ಬ ಆದಿವಾಸಿಯ ರಕ್ತ ಕೂಡಿಸಿದಾಗ ಒಂದು ಗೆರಿ ಕಂಡಿತು. ಅದಕ್ಕ "ಆಸ್ಟ್ರೇಲಿಯಾ ಆಂಟಿಜೆನ್" ಅಂತ ಹೆಸರಿಟ್ಟು 1965ರಾಗ ಪ್ರಕಟ ಮಾಡಿದ್ರು. 1976ರಾಗ ಬ್ಲೂಮ್‌ಬರ್ಗ್‌ರಿಗೆ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28ನ್ನ ಈಗ ವಿಶ್ವ ಹೆಪಟೈಟಿಸ್ ದಿನ ಅಂತ ಮಾಡ್ತಾರ. ರಕ್ತ ಕೊಟ್ಟ ಆ ಆದಿವಾಸಿ ಮನಷ್ಯಾನ ಹೆಸರು ಏನು ಅಂತ ನಾನು ಓದಿದ ಯಾವ ಪುಸ್ತಕದಾಗೂ ಸಿಗಲಿಲ್ಲ.

ಇರಲಿ. ಲಸಿಕೆ ಅಂದ್ರ ಏನು? ಬರೇ ಅಂಗಿ. ಒಳಗ ಮೈ ಇಲ್ಲ, ಡಿಎನ್ಎ ಇಲ್ಲ. ಮೊದಲಿಗೆ ರೋಗಿಗಳ ರಕ್ತದಿಂದಲೇ ಆ ಅಂಗಿ ಬ್ಯಾರೆ ಮಾಡಿ ಲಸಿಕೆ ಮಾಡ್ತಿದ್ರು. 1986ರಿಂದ ಯೀಸ್ಟ್, ಅಂದ್ರ ಬ್ರೆಡ್ ಉಬ್ಬಸೋ ಹುಳಿಯಂಥಾ ಜೀವದೊಳಗ ಅದನ್ನ ಬೆಳಸಾಕ ಶುರು ಮಾಡಿದ್ರು. ನಮ್ಮ ದೇಶದಾಗ 1997ರಾಗ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಮಾಡಿ ತೋರಿಸಿದ ಮ್ಯಾಲ ಬಡವರಿಗೂ ಎಟಕೋ ರೇಟಿಗೆ ಬಂತು. ಬರೇ ಅಂಗಿ ತೋರಿಸಿ ನಮ್ಮ ಮೈಗೆ ಹೇಳೋದು: ಈ ಅಂಗಿಯವನು ಬಂದ್ರ ಹಿಡಿ. ಮೈ ಅದಕ್ಕ ಕಾವಲುಗಾರರನ್ನ ತಯಾರ ಮಾಡ್ತದ. ಅವರ ಹೆಸರು ಆಂಟಿ ಎಚ್‌ಬಿಎಸ್.

ಇಲ್ಲೊಂದು ಸಣ್ಣ ವಿಷಯ ಹೇಳಿ ಹೋಗ್ತೀನಿ. ಲಸಿಕೆಯೇ ಅಂಗಿ ಆಗಿರೋದ್ರಿಂದ, ಲಸಿಕೆ ಹಾಕಿಸಿಕೊಂಡ ಕೆಲವು ದಿನ ರಕ್ತ ತಪಾಸಣೆಯಾಗ ಆ ಅಂಗಿನೇ ಕಾಣಬಹುದು. ರೋಗ ಇಲ್ಲದಿದ್ರೂ ಐತಿ ಅಂತ ಬರ್ತದ. ಅದಕ್ಕ ಶಿಬಿರದಾಗ "ಯಾವ ಲಸಿಕೆ, ಯಾವಾಗ ಹಾಕಿಸಿದ್ದೀರಿ" ಅಂತ ಕೇಳಿದಾಗ ಸುಮ್ನ ತಲಿ ಅಲ್ಲಾಡಿಸಬ್ಯಾಡ್ರಿ, ತಾರೀಖು ಹೇಳ್ರಿ.

ಈಗ ರಕ್ತದ ತಪಾಸಣೆಗೆ ಬರೋಣ. ನಮ್ಮ ದೇಶದಾಗ ಪ್ರತಿ ಬಾಟ್ಲಿಗೆ ಐದು ತಪಾಸಣೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಹೆಪಟೈಟಿಸ್ ಬಿ ಹುಡುಕೋ ಆ ಕಡ್ಡಾಯ ತಪಾಸಣೆ ಹುಡುಕೋದು ಅಂಗಿಯನ್ನ. ಅಂಗಿ ಕಾಣದಿದ್ರ ಪಾಸು. ಆದ್ರ ಈ ವೈರಸ್ಸಿನ ಗುಣ ಏನಂದ್ರ, ಒಮ್ಮೆ ಬಂದ್ರ ಯಕೃತ್ತಿನ ಜೀವಕೋಶದ ನಡುಮನಿಯಾಗ ತನ್ನ ಡಿಎನ್ಎಯನ್ನ ಬಳಿಯಂಗ ಗುಂಡಗ ಮಾಡಿ ಇಟ್ಟುಬಿಡ್ತದ. ಜ್ವರ ಹೋಗ್ತದ, ಹಳದಿ ಹೋಗ್ತದ, ಎಷ್ಟೋ ಮಂದಿಗೆ ಜ್ವರಾನೂ ಬಂದಿರೂದಿಲ್ಲ, ಆದ್ರ ಆ ಬಳಿ ಉಳೀತದ. ಮೈಯ ಕಾವಲುಗಾರರು ಅದನ್ನ ಒತ್ತಿ ಹಿಡದಿರ್ತಾರ. ಹಿಂಗ ಒತ್ತಿ ಹಿಡದಾಗ ಅಂಗಿ ತಯಾರಾಗೋದು ಬಹಳ ಕಡಿಮಿ ಆಗಿ, ತಪಾಸಣೆಗೆ ಕಾಣದಂಗ ಆಗ್ತದ. ಆದ್ರ ಯಾವಾಗರ ಒಮ್ಮೆ ಒಂದಿಷ್ಟು ವೈರಸ್ ರಕ್ತಕ್ಕ ಜಾರ್ತಾವ. ಇದಕ್ಕೇ ಡಾಕ್ಟರ್ರು ಅಡಗಿದ ಸೋಂಕು, ಇಂಗ್ಲಿಷಿನಾಗ ಅಕಲ್ಟ್ ಹೆಪಟೈಟಿಸ್ ಬಿ ಅಂತಾರ. 2008ರಾಗ ಇಟಲಿಯ ತಾವೋರ್ಮಿನಾ ಅನ್ನೋ ಊರಾಗ ತಜ್ಞರು ಕೂಡಿ ಇದಕ್ಕ ಒಂದು ವ್ಯಾಖ್ಯೆ ಮಾಡಿದ್ರು: ಅಂಗಿ ಇಲ್ಲ, ಡಿಎನ್ಎ ಐತಿ. ರಕ್ತದಾಗ ಸಿಕ್ರ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ಯೂನಿಟ್‌ಗಿಂತ ಕಡಿಮಿ.

ನ್ಯಾಟ್ ಅಂದ್ರ ಅಂಗಿ ಬಿಟ್ಟು ನೇರ ಡಿಎನ್ಎಯನ್ನೇ ಹುಡುಕೋ ತಪಾಸಣೆ. ಇದ್ದ ಚೂರನ್ನ ಲಕ್ಷಾಂತರ ನಕಲು ಮಾಡಿ ನೋಡ್ತದ. ಕೋವಿಡ್ ಕಾಲಕ್ಕ ಮೂಗಿನಾಗ ಕಡ್ಡಿ ಹಾಕಿ ಮಾಡ್ತಿದ್ರಲ್ಲ, ಅದೇ ಜಾತಿಯ ವಿದ್ಯೆ. ಖರ್ಚು ಹೆಚ್ಚು. ನಮ್ಮ ದೇಶದಾಗ ಇದು ಕಡ್ಡಾಯ ಅಲ್ಲ. ಕೆಲವು ರಕ್ತಪೇಢಿ ಮಾಡ್ತಾವ, ಕೆಲವು ಮಾಡೂದಿಲ್ಲ. ಅಣ್ಣನ ಮೊದಲಿನ ಎರಡು ಬಾಟ್ಲಿ ಯಾಕ ಪಾಸಾದವು ಅನ್ನೋದು ಆವತ್ತು ನಮಗ ತಿಳೀತು.

ಇನ್ನೊಂದು ತಪಾಸಣೆನೂ ಐತಿ, ಆಂಟಿ ಎಚ್‌ಬಿಸಿ. ನನಗ ಇದು ಬಹಳ ಛಲೋ ಅನಸ್ತು, ಪತ್ತೇದಾರಿ ಕಥಿ ಇದ್ದಂಗ ಐತಿ. ವೈರಸ್ಸಿನ ಮೈಗೆ, ಅಂದ್ರ ಒಳಗಿನ ತಿರುಳಿಗೆ ವಿರುದ್ಧ ಹುಟ್ಟೋ ಕಾವಲುಗಾರ ಇದು. ಲಸಿಕೆಯಾಗ ತಿರುಳು ಇಲ್ಲ. ಹಂಗಾಗಿ ಬರೇ ಲಸಿಕೆ ಹಾಕಿಸಿಕೊಂಡವರ ರಕ್ತದಾಗ ಈ ಕಾವಲುಗಾರ ಇರಾಕ ಸಾಧ್ಯ ಇಲ್ಲ. ಇದ್ದಾನ ಅಂದ್ರ, ಖರೇ ವೈರಸ್ ಒಂದು ದಿನ ಆ ಮನಿಗೆ ಬಂದು ಹೋಗೇತಿ ಅಂತ. ಕೆಸರಿನಾಗ ಹೆಜ್ಜಿ ಗುರುತು ಇದ್ದಂಗ. ಅಣ್ಣನ ರಕ್ತದಾಗ ಎರಡೂ ಇದ್ದವು. ಲಸಿಕೆ ಕೊಟ್ಟ ಕಾವಲುಗಾರರೂ ಒಂದಿಷ್ಟು ಇದ್ರು, ಹೆಜ್ಜಿ ಗುರುತೂ ಇತ್ತು.

ಅಮೆರಿಕದಾಗ ದಾನಿಗಳ ರಕ್ತಕ್ಕ ಈ ಹೆಜ್ಜಿ ಗುರುತಿನ ತಪಾಸಣೆ ಮಾಡಿ, ಗುರುತು ಇದ್ದವರನ್ನ ಬಿಟ್ಟುಬಿಡ್ತಾರ. ನಮ್ಮಲ್ಲಿ ಹಂಗ ಮಾಡಿದ್ರ, ಹಿಂದೊಮ್ಮೆ ಸೋಂಕು ಬಂದು ವಾಸಿಯಾದವರು ಬಹಳ ಇರೋದ್ರಿಂದ, ಎಷ್ಟೋ ಒಳ್ಳೆ ರಕ್ತ ಚೆಲ್ಲಬೇಕಾಗ್ತದ. ಮೊದಲೇ ರಕ್ತದ ಕೊರತಿ. ಇದು ಸುಲಭದ ತೀರ್ಮಾನ ಅಲ್ಲ ಅಂತ ಡಾಕ್ಟರ್ ಹೇಳಿದ್ರು. ನನಗೂ ಹಂಗೇ ಅನಸ್ತದ.

ಲಸಿಕೆ ಆದವನಿಗೆ ಬಂದದ್ದು ಹೆಂಗ? ಎರಡು ಮೂರು ದಾರಿ ಅದಾವ. ಒಂದು, ಲಸಿಕೆಗಿಂತ ಮೊದಲೇ ಬಂದಿರೋದು. ನಮ್ಮಲ್ಲಿ ಲಸಿಕೆ ಹಾಕೋ ಮುಂದ ಯಾರೂ ರಕ್ತ ನೋಡೂದಿಲ್ಲ. ಕಳ್ಳ ಒಳಗ ಬಂದ ಮ್ಯಾಲ ಬಾಗಲಾ ಹಾಕಿದಂಗ. ಎರಡು, ಲಸಿಕೆ ಆಗಿ ಭಾಳ ವರ್ಷ ಆಗಿ ಕಾವಲುಗಾರರು ಕಡಿಮಿ ಆಗಿರ್ತಾರ, ಆಗ ವೈರಸ್ ಬಂದ್ರ ಸ್ವಲ್ಪ ದಿನ ಒಳಗ ಓಡಾಡಿ ಹೋಗ್ತದ. ಮೂರನೇದು ಅಪರೂಪದ್ದು: ವೈರಸ್ಸೇ ಅಂಗಿಯ ಗುಂಡಿ ಬದಲು ಮಾಡ್ಕೋತದ. ದಕ್ಷಿಣ ಇಟಲಿಯಾಗ ಸೋಂಕಿದ್ದ ತಾಯಿಗೆ ಹುಟ್ಟಿ ಲಸಿಕೆ ಪಡೆದ ಒಂದು ಕೂಸಿನಾಗ ಇಂಥಾ ವೈರಸ್ ಸಿಕ್ಕದ್ದು 1990ರಾಗ ವರದಿ ಆತು. ಅಂಗಿಯ 145ನೇ ಜಾಗದಾಗ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು.

ಅಮೆರಿಕದ ರಕ್ತದಾನಿಗಳ ಒಂದು ಅಧ್ಯಯನ 2011ರಾಗ ಪ್ರಕಟ ಆಗೇತಿ. ಸುಮಾರು 37 ಲಕ್ಷ ಬಾಟ್ಲಿಗೆ ನ್ಯಾಟ್ ಮಾಡಿದ್ರು. ಉಳಿದ ತಪಾಸಣೆಯಾಗ ಪಾಸಾಗಿ ಡಿಎನ್ಎ ತಪಾಸಣೆಯಾಗ ಸಿಕ್ಕವರು 9 ಮಂದಿ. ಅಂದ್ರ ನಾಕು ಲಕ್ಷದ ಮ್ಯಾಲ ಒಬ್ಬ. ಆ 9ರಾಗ 6 ಮಂದಿಗೆ ಲಸಿಕೆ ಆಗಿತ್ತು. ಇದನ್ನ ಓದಿದ ಕೂಡಲೇ "ನೋಡ್ರಿ, ಲಸಿಕೆ ಸುಳ್ಳು" ಅನ್ನೋರು ಇರ್ತಾರ. ಪೂರ್ತಿ ಓದ್ರಿ. ಆ 6 ಮಂದಿಗೆ ಏನೂ ಆಗಲಿಲ್ಲ, ಸೋಂಕು ತಾನಾಗಿ ತಣ್ಣಗಾತು. ಯಕೃತ್ತಿಗೆ ಪೆಟ್ಟು ಬಿದ್ದದ್ದು ಇಬ್ಬರಿಗೆ, ಅವರಿಬ್ಬರೂ ಲಸಿಕೆ ಆಗದವರು. ಇನ್ನೊಂದು ಮಾತು, ಲಸಿಕೆ ಮಾಡಿರೋದು ಈ ವೈರಸ್ಸಿನ ಎ2 ಅನ್ನೋ ಉಪಜಾತಿಯ ಅಂಗಿಯಿಂದ. ಲಸಿಕೆ ಆದ 6ರಾಗ 5 ಮಂದಿಗೆ ಸಿಕ್ಕದ್ದು ಎ ಅಲ್ಲದ ಬ್ಯಾರೆ ಕುಲದ ವೈರಸ್. (ವೈರಸ್ಸಿಗೂ ಜಾತಿ ಉಪಜಾತಿ ಅದಾವ, ನಗಬ್ಯಾಡ್ರಿ.)

ತೈವಾನ್ ಅನ್ನೋ ಸಣ್ಣ ದೇಶದಾಗ 1984ರಿಂದ ಸೋಂಕಿದ್ದ ತಾಯಂದಿರ ಕೂಸುಗಳಿಗೆ, 1986ರಿಂದ ಹುಟ್ಟಿದ ಎಲ್ಲಾ ಕೂಸುಗಳಿಗೆ ಲಸಿಕೆ ಹಾಕಿದ್ರು. ಮೊದಲು ಅಲ್ಲಿ ಹತ್ತು ಮಕ್ಕಳಾಗ ಒಬ್ಬರ ರಕ್ತದಾಗ ಈ ವೈರಸ್ ಇರ್ತಿತ್ತು. ಲಸಿಕೆ ಬಂದು ಒಂದು ತಲೆಮಾರು ಆಗೋದ್ರಾಗ ನೂರಕ್ಕ ಒಂದಕ್ಕಿಂತ ಕೆಳಗ ಬಂತು. ಮಕ್ಕಳಿಗೆ ಬರೋ ಯಕೃತ್ತಿನ ಕ್ಯಾನ್ಸರೂ ಕಡಿಮಿ ಆತು. ನಮ್ಮ ದೇಶದಾಗ 2002ರಾಗ ಕೆಲವು ಕಡೆ ಪ್ರಯೋಗ ಅಂತ ಶುರುವಾಗಿ, ದೇಶದ ತುಂಬ ಆಗೋದ್ರಾಗ 2011 ಆತು. ಅಣ್ಣ ಹುಟ್ಟಿದ್ದು 1999ರಾಗ, ಮನಿಯಾಗ, ಸೂಲಗಿತ್ತಿ ಕೈಯಾಗ.

ಸರ್ಕಾರಿ ದವಾಖಾನಿಯ ಡಾಕ್ಟರ್ ಅವನ ವಯಸ್ಸು ಕೇಳಿ, ಹುಟ್ಟಿದ್ದು ಎಲ್ಲಿ ಅಂತ ಕೇಳಿ, "ನಿಮ್ಮ ತಾಯಿಯವರನ್ನ ಕರಕೊಂಡು ಬರ್ರಿ" ಅಂದ್ರು. ಅವ್ವ ಬರಾಕ ಒಪ್ಪಲಿಲ್ಲ. "ನನಗೇನಾಗೇತಿ, ಗುಂಡಕಲ್ಲಿನಂಗ ಅದೀನಿ" ಅಂದ್ಲು. ಒಂದು ದಿನದ ಕೂಲಿ ಹೋಗ್ತದ ಅನ್ನೋದು ಖರೇ ಕಾರಣ. ಕಡೀಗೆ ಬಂದ್ಲು. ಅವ್ವನ ರಕ್ತದಾಗ ಅಂಗಿನೇ ಸಿಕ್ಕಿತು, ಅಡಗಿದ್ದಲ್ಲ, ನೇರ ಸೋಂಕು. ಎಷ್ಟು ವರ್ಷದಿಂದ ಇತ್ತೋ. ಈ ವೈರಸ್ ದೊಡ್ಡವರಿಗೆ ಬಂದ್ರ ನೂರಕ್ಕ 95 ಮಂದಿಗೆ ತಾನಾಗಿ ಹೋಗ್ತದ. ಹುಟ್ಟೋ ಹೊತ್ತಿನಾಗ ಕೂಸಿಗೆ ಬಂದ್ರ ನೂರಕ್ಕ 90 ಮಕ್ಕಳಿಗೆ ಜೀವನಪೂರ್ತಿ ಉಳೀತದ. ಅಣ್ಣನಿಗೆ ಹುಟ್ಟಿದಾಗಲೇ ಬಂದಿರಬೇಕು, ಅವನ ಮೈ ಅದನ್ನ ಒತ್ತಿ ಹಿಡದಿರಬೇಕು, ಲಸಿಕೆ ಅದರ ಮ್ಯಾಲ ಬಂದೈತಿ ಅಂತ ಡಾಕ್ಟರ್ ಅಂದಾಜು ಮಾಡಿದ್ರು.

ಸೂಜಿ ಚುಚ್ಚಿ ಬಂದಿರಬೇಕು ಅಂತ ನಾವೆಲ್ಲಾ ಅವನ ಕೆಲಸಕ್ಕ ಬೈತಿದ್ವಿ. ಅವ್ವನ ರಿಪೋರ್ಟ್ ಬಂದ ದಿನ ಅವ್ವ ಅತ್ತಷ್ಟು ನಮ್ಮಪ್ಪ ಸತ್ತಾಗಲೂ ಅತ್ತಿಲ್ಲ. "ನಾನೇ ಕೊಟ್ಟೆನಾ ನನ್ನ ಮಗನಿಗೆ" ಅಂತ. ಅಣ್ಣ ಏನೂ ಅನ್ನಲಿಲ್ಲ. ಅವ್ವನ ಗಂಗಾಳದಾಗಿನ ರೊಟ್ಟಿ ಮುರಕೊಂಡು ತಿನ್ನಾಕ ಕುಂತ.

ನನ್ನದೂ ನೋಡಿದ್ರು. ನನಗ ಏನೂ ಇಲ್ಲ, ಕಾವಲುಗಾರರೂ ಇರಲಿಲ್ಲ, ಮೂರು ಡೋಸ್ ಹಾಕಿಸಿಕೊಂಡೆ. ಅಕ್ಕಗ ಆಗ ಐದು ತಿಂಗಳು. ಅಕ್ಕನ ರಕ್ತದಾಗೂ ಸೋಂಕು ಬಂತು. ಗಂಡನ ಮನಿಯವರಿಗೆ ಹೆಂಗ ಹೇಳೋದು ಅಂತ ಎರಡು ದಿನ ಮನಿಯಾಗ ಯಾರೂ ಮಾತಾಡಲಿಲ್ಲ. ಭಾವ ಛಲೋ ಮನಷ್ಯಾ, ತಾನೇ ಬಂದು ತಪಾಸಣೆ ಮಾಡಿಸಿ ಲಸಿಕೆ ಹಾಕಿಸಿಕೊಂಡ. ಹೆರಿಗಿ ದವಾಖಾನಿಯಾಗೇ ಆತು. ಕೂಸು ಹುಟ್ಟಿದ ದಿನವೇ, ಒಂದು ತೊಡಿಗೆ ಲಸಿಕೆ, ಇನ್ನೊಂದು ತೊಡಿಗೆ ಇಮ್ಯುನೋಗ್ಲೋಬ್ಯುಲಿನ್, ಅಂದ್ರ ಹೊರಗಿನಿಂದ ತಂದ ರೆಡಿ ಕಾವಲುಗಾರರು. ಮುಂದ ಆರು, ಹತ್ತು, ಹದಿನಾಲ್ಕು ವಾರಕ್ಕ ಎಲ್ಲಾ ಮಕ್ಕಳಿಗೂ ಹಾಕೋ ಪೆಂಟಾವೇಲೆಂಟ್. ಕೂಸಿಗೆ ಈಗ ನಾಕು ತಿಂಗಳು, ಅಲ್ಲಿ ಹಿಂದ ನಮ್ಮ ಅತ್ತಿ ತೊಡಿ ಮ್ಯಾಲ ಮಲಗೇತಿ. ಒಂಬತ್ತು ತಿಂಗಳು ಕಳದ ಮ್ಯಾಲ ರಕ್ತ ನೋಡ್ತಾರ. ಅಲ್ಲಿ ತನಕ ನಾವು ಕಾಯಬೇಕು.

ಅವ್ವಗ ದಿನಕ್ಕ ಒಂದು ಟೆನೋಫೋವಿರ್ ಗುಳಿಗಿ ಶುರು ಮಾಡ್ಯಾರ, ಪುಕ್ಕಟೆ. 2018ರ ಜುಲೈ 28ಕ್ಕ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಾಗ ತಪಾಸಣೆನೂ ಔಷಧನೂ ಪುಕ್ಕಟೆ ಐತಿ. ಇದು ಎಷ್ಟು ಮಂದಿಗೆ ಗೊತ್ತೈತಿ, ಕೈ ಎತ್ತರಿ ನೋಡೋಣ. ಆತು, ಇಳಸ್ರಿ. ನಮ್ಮ ದೇಶದಾಗ ಸುಮಾರು 3 ಕೋಟಿ ಮಂದಿಗೆ ಈ ಸೋಂಕು ಐತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳ್ತದ. ಅವರಾಗ ಬಹಳ ಮಂದಿಗೆ ತಮಗ ಐತಿ ಅನ್ನೋದೇ ತಿಳಿದಿಲ್ಲ. ಕಾಮಣಿಗೆ ಎಲಿ ಅರದು ಕುಡಸೋರ ಹಂತೇಕ ಹೋಗೋದು, ಕೊರಳಿಗೆ ಮಾಲಿ ಹಾಕೋದು ನಮ್ಮ ಕಡೆ ಇನ್ನೂ ನಡದೈತಿ. ಆ ಮಾಲಿ ಉದ್ದ ಆದಂಗೆಲ್ಲಾ ಕಾಮಣಿ ಇಳೀತದ ಅಂತಾರ. ಇಳಿಯೋ ಕಾಮಣಿ ಹೆಂಗೂ ಇಳೀತದ, ಇಳಿಯದ ವೈರಸ್ ಮಾಲಿ ನೋಡಿ ಹೋಗೂದಿಲ್ಲ.

ಅಣ್ಣನಿಗೆ ಗುಳಿಗಿ ಇಲ್ಲ. ಯಕೃತ್ತು ಛಲೋ ಐತಿ. ಆರು ತಿಂಗಳಿಗೊಮ್ಮೆ ತಪಾಸಣೆ. ದಾರು ಬ್ಯಾಡ ಅಂದಾರ. ಮುಂದ ಎಂದರ ಕ್ಯಾನ್ಸರ್ ಔಷಧ ಅಥವಾ ಮೈಯ ಕಾವಲನ್ನ ಕಡಿಮಿ ಮಾಡೋ ಔಷಧ ತಗೊಳ್ಳೋ ಪ್ರಸಂಗ ಬಂದ್ರ ಮೊದಲು ಇದನ್ನ ಹೇಳಬೇಕು, ಯಾಕಂದ್ರ ಆಗ ಒತ್ತಿ ಹಿಡದ ಕೈ ಸಡಿಲಾಗಿ ವೈರಸ್ ಏಳ್ತದ. ಮತ್ತ, ಇನ್ನೆಂದೂ ರಕ್ತ ಕೊಡೋ ಹಂಗಿಲ್ಲ.

ಅವನಿಗೆ ಕೊರೀತಿರೋದು ಬ್ಯಾರೆ. ಆ ಮೊದಲಿನ ಎರಡು ಬಾಟ್ಲಿ. ರಾತ್ರಿ ಎದ್ದು ಕೂಡ್ತಾನ. "ಯಾರಿಗೆ ಹೋಗಿರಬೇಕು ಅದು? ಹೆರಿಗಿ ಹೆಂಗಸಿಗೋ, ಥಲಸ್ಸೇಮಿಯಾ ಕೂಸಿಗೋ?" ನಾನು ಡಾಕ್ಟರರಿಗೆ ಇದನ್ನ ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಅಡಗಿದ ಸೋಂಕಿನ ರಕ್ತದಿಂದ ಹಬ್ಬೋ ಸಾಧ್ಯತೆ, ಅಂಗಿ ಇರೋ ರಕ್ತಕ್ಕಿಂತ ಬಹಳ ಕಡಿಮಿ. ಅದರಾಗೂ ಲಸಿಕೆ ಆದವನ ರಕ್ತದಾಗ ಕಾವಲುಗಾರರೂ ಜೋಡಿಲೇ ಹೋಗ್ತಾರ, ಹಂಗಾಗಿ ಇನ್ನೂ ಕಡಿಮಿ. ಕೆಂಪು ಕಣದ ಬಾಟ್ಲಿಗಿಂತ ಪ್ಲಾಸ್ಮಾ ಹೆಚ್ಚಿರೋ ಬಾಟ್ಲಿಯಾಗ ಅಪಾಯ ಹೆಚ್ಚು. ಆದ್ರ ಸೊನ್ನಿ ಅಲ್ಲ. ಯುರೋಪಿನ ಸ್ಲೊವೇನಿಯಾ ದೇಶದಾಗ ಅಡಗಿದ ಸೋಂಕಿದ್ದ ಮೂವರು ದಾನಿಗಳಿಂದ 9 ಮಂದಿಗೆ ಬಂದದ್ದು 2019ರಾಗ ಪ್ರಕಟ ಆಗೇತಿ, ಅಲ್ಲಿ ನ್ಯಾಟ್‌ಗೂ ಆ ರಕ್ತ ಸಿಕ್ಕಿರಲಿಲ್ಲ. ಅಣ್ಣ ತಾನೇ ಹೋಗಿ ಮೊದಲಿನ ರಕ್ತಪೇಢಿಯವರಿಗೆ ಹಳೇ ದಾನದ ಕಾರ್ಡ್ ನಂಬರ್ ಕೊಟ್ಟು ಬಂದ. ಅವರು ಬರಕೊಂಡ್ರು. ಅಲ್ಲಿಂದ ಮುಂದ ನಮಗ ಏನೂ ತಿಳಿದಿಲ್ಲ.

ಈಗ ಸಂಘದ ಹುಡುಗರಿಗೆ ನನ್ನ ಮಾತು. ನಮ್ಮ ಬ್ಯಾನರ್‌ನಾಗ "ರಕ್ತಕ್ಕೆ ಜಾತಿ ಇಲ್ಲ" ಅಂತ ಬರೀತೀವಿ. ಬಾಟ್ಲಿ ಎಣಸಿ ಫೋಟೋ ತಗಸ್ತೀವಿ. ಹೋದ ವರ್ಷಕ್ಕಿಂತ ಹೆಚ್ಚಾಗಬೇಕು ಅಂತ ತೂಕ ಕಡಿಮಿ ಇದ್ದವರನ್ನ, ಹಿಂದ ಕಾಮಣಿ ಆದವರನ್ನ "ಏನೂ ಆಗೂದಿಲ್ಲ ಬಾ" ಅಂತ ಮಲಗಿಸ್ತೀವಿ. ಅದನ್ನ ಬಿಡಬೇಕು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದ 1998ರ ಜನವರಿ 1ಕ್ಕ ರಕ್ತ ಮಾರೋದು ಬಂದಾತು. ಅದಕ್ಕ ಮೊದಲು ಮಾರ್ತಿದ್ದವರು ಯಾರು, ಹೊಟ್ಟಿಗಿಲ್ಲದ ಬಡವರೇ. ಈಗ ದುಡ್ಡಿಲ್ಲ, ಲೆಕ್ಕದ ಹುಚ್ಚು ಐತಿ. ಎರಡರಾಗೂ ರಕ್ತ ತಗೊಳ್ಳೋನ ಬಗ್ಗೆ ವಿಚಾರ ಇಲ್ಲ. ಸರ್ಕಾರಿ ದವಾಖಾನಿಯಾಗ ಆ ಬಾಟ್ಲಿ ಏರಿಸಿಕೊಳ್ಳೋರು ಬಹುತೇಕ ನಮ್ಮಂಥವರೇ.

ಫಾರಂ ಮರಾಠಿಯಾಗ, ಇಂಗ್ಲಿಷಿನಾಗ ಇರ್ತದ. ನಮ್ಮ ಅಕ್ಕಲಕೋಟ ತಾಲೂಕಿನಾಗ ಕನ್ನಡ ಶಾಲಿಯಾಗ ಓದಿದ ಹಿರಿಯರು ಎಷ್ಟು ಮಂದಿ ಅದಾರ. ಅವರು ಓದದೇ ಸಹಿ ಮಾಡ್ತಾರ. "ಕಾವೀಳ ಝಾಲೀ ಹೋತೀ ಕಾ" ಅಂದ್ರ ಹೌದೋ ಅಲ್ಲೋ ತಿಳೀದೇ ಟಿಕ್ ಹಾಕ್ತಾರ. ನಾನು ಆ ಪ್ರಶ್ನೆಗಳನ್ನೆಲ್ಲಾ ಕನ್ನಡದಾಗ ಬರದು ತಂದೀನಿ, ನಾಕು ಪುಟ ಆಗ್ಯಾವ. ಈ ಸಲ ಶಿಬಿರದಾಗ ಒಬ್ಬರು ಕುಂತು ಓದಿ ಹೇಳಬೇಕು. ಫೋನ್ ನಂಬರ್ ದಾನಿಯದೇ ಬರೀಬೇಕು, ಫೋನ್ ಇಲ್ಲದವರು ವಿಳಾಸ ಬರೀಲಿ. ಬರೋ ರಕ್ತಪೇಢಿಯವರನ್ನ ಮೊದಲೇ ಕೇಳೋಣ: ನಿಮ್ಮಲ್ಲಿ ನ್ಯಾಟ್ ಮಾಡ್ತೀರೋ ಇಲ್ಲೋ. ಇಲ್ಲ ಅಂದ್ರ ಮಾಡೋರನ್ನ ಕರಿಯೋಣ. ಕಸದ ಗಾಡಿಯ ಮ್ಯಾಲ ದುಡಿಯೋ ನಮ್ಮ ಹತ್ತೊಂಬತ್ತು ಮಂದಿಯ ಪಟ್ಟಿ ಮಾಡೀನಿ. ಅವರಾಗ ಮೂರೂ ಡೋಸ್ ಆದವರು ಐದೇ ಮಂದಿ. ಉಳಿದವರಿಗೆ ಮೊದಲು ರಕ್ತ ನೋಡಿಸಿ, ಆಮೇಲೆ ಲಸಿಕೆ. ಇದಕ್ಕ ಸಂಘ ಅರ್ಜಿ ಬರೀಬೇಕು, ನಾನು ಕರಡು ಬರದು ಕಾರ್ಯದರ್ಶಿಗಳ ಕೈಯಾಗ ಕೊಟ್ಟೀನಿ.

ಕಡೀ ಮಾತು, ಬಹಳ ಮಂದಿ ನನ್ನ ಹಿಂದಿಂದ ಕೇಳೋ ಪ್ರಶ್ನೆ. ಇದು ಜೋಡಿ ಕುಂತ್ರ ಬರೂದಿಲ್ಲ. ಒಂದೇ ಗಂಗಾಳದಾಗ ಉಂಡ್ರ ಬರೂದಿಲ್ಲ. ಲೋಟದಿಂದ, ಕೈ ಹಿಡದ್ರ, ಕೂಸಿಗೆ ಮುದ್ದು ಕೊಟ್ರ, ಕೆಮ್ಮಿದ್ರ ಬರೂದಿಲ್ಲ. ರಕ್ತದಿಂದ, ಸೂಜಿಯಿಂದ, ಒಬ್ಬರ ಬ್ಲೇಡು ಇನ್ನೊಬ್ಬರು ಬಳಸಿದ್ರ, ಗಂಡಹೆಂಡಿರ ಸಂಬಂಧದಿಂದ, ತಾಯಿಯಿಂದ ಹುಟ್ಟೋ ಕೂಸಿಗೆ ಬರ್ತದ. ಒಣಗಿದ ರಕ್ತದ ಕಲಿಯಾಗ ಏಳು ದಿನ ಜೀವ ಹಿಡದಿರ್ತದ, ಅದಕ್ಕ ಕ್ಷೌರದ ಅಂಗಡಿಯಾಗ ಹೊಸ ಬ್ಲೇಡು ಕೇಳ್ರಿ, ಜಾತ್ರಿಯಾಗ ಹಚ್ಚಿ ಹಾಕಿಸಿಕೊಳ್ಳೋ ಮುಂದ ಹೊಸ ಸೂಜಿ ಕೇಳ್ರಿ.

ಈ ಏಪ್ರಿಲ್ 14ಕ್ಕ ಅಣ್ಣ ರಕ್ತ ಕೊಡೂದಿಲ್ಲ. ಕೊಟ್ಟವರಿಗೆ ಚಹಾ ಬಿಸ್ಕೀಟು ಕೊಡೋ ಕೆಲಸ ಅವನೇ ಕೇಳಿ ತಗೊಂಡಾನ. ಗಾಜಿನ ಲೋಟಾನೇ ತರ್ತಾನಂತ, ಕಾಗದದ್ದಲ್ಲ. ಯಾರಿಗಾದ್ರೂ ಪ್ರಶ್ನೆ ಇದ್ರ ಈಗ ಕೇಳ್ರಿ, ಗೊತ್ತಿದ್ರ ಹೇಳ್ತೀನಿ, ಗೊತ್ತಿಲ್ಲದಿದ್ರ ಬರಕೊಂಡು ಹೋಗಿ ಡಾಕ್ಟರರನ್ನ ಕೇಳಿ ಬರ್ತೀನಿ. ಜೈಭೀಮ್.